ಕಿಟಕಿಯ ಗಿಡ ಕುಡಿದ ನೀರು

ಲೋಕದ ಗಮನಕ್ಕೆ ತರಲೇಬೇಕಾದ ಗಂಭೀರ ವಿಷಯವೊಂದಿದೆ. ಹಿರಿಯರ ನಿವಾಸವೊಂದರ ಕೆಳಮಹಡಿಯಲ್ಲಿ, ಹಿರಿಯ ಹೆಂಗಸೊಬ್ಬಳ ಮಂಚಕ್ಕೆ ತಾಗಿದ ಕಿಟಕಿಯಲ್ಲಿದ್ದ ಲೋಳೆಸರದ ಗಿಡ ಕೊಳೆಯತೊಡಗಿತ್ತು.

ಲೋಳೆಸರವೆಂದರೆ ಯಾರೂ ತಿರುಗಿ ನೋಡದಿದ್ದರೂ ಬದುಕುವ ಗಿಡ. ಅಂಥದ್ದು ಬುಡ ಮೆತ್ತಗಾಗಿ, ಎಲೆ ಜೋತುಬಿದ್ದು ಕೂತಿದೆ ಎಂದರೆ ಏನರ್ಥ? ಟೈಲರ್ ಅಂಗಡಿ ಇಟ್ಟಿದ್ದ ಆ ಹೆಂಗಸಿನ ಮಗಳಿಗೆ ಅದು ಹೊಳೆಯಲಿಲ್ಲ. ಅವಳು ಅಂಗಡಿಗೆ ರಜೆಯಿರುವ ಭಾನುವಾರ ಬರುತ್ತಿದ್ದಳು, ಅಮ್ಮನ ತಲೆ ಬಾಚುತ್ತಿದ್ದಳು, ಗಿಡವನ್ನು ಬಿಸಿಲಿಗೆ ಸರಿಸುತ್ತಿದ್ದಳು. ಹೊರಡುವಾಗ ಬಾಗಿಲಲ್ಲಿ ನಿಂತು ತಪ್ಪದೆ ಒಂದು ಮಾತು ಹೇಳುತ್ತಿದ್ದಳು: "ಅಮ್ಮಾ, ಇಲ್ಲಿ ಯಾರಿಗೂ ತೊಂದ್ರೆ ಕೊಡ್ಬೇಡ, ಆಯ್ತಾ?"

ಅಮ್ಮ ಬಸ್ ಕಂಡಕ್ಟರ್ ಆಗಿ ದುಡಿದವಳು. ನಿವಾಸದಲ್ಲಿ ಎಲ್ಲರಿಗೂ ಅವಳು ಕಂಡಕ್ಟರಮ್ಮ. ಜೀವಮಾನವಿಡೀ ಬೆಲ್ ಹೊಡೆದು ಅಷ್ಟು ದೊಡ್ಡ ಬಸ್ಸನ್ನು ನಿಲ್ಲಿಸಿದ ಹೆಂಗಸು. ಈಗ ಮಂಚದ ಪಕ್ಕದ ಗೋಡೆಯಲ್ಲೇ ಒಂದು ಬೆಲ್ ಇತ್ತು. ಒತ್ತಿದರೆ ಸಹಾಯಕ್ಕೆ ಜನ ಬರುತ್ತಾರೆ. ಅದನ್ನು ಅವಳು ಮುಟ್ಟಿದ್ದನ್ನು ಕಂಡವರಿಲ್ಲ.

ಆ ಭಾನುವಾರ ಮಗಳು ಒಳಗೆ ಕಾಲಿಡುತ್ತಲೇ ಅಮ್ಮ ಅಂಗೈ ಚಾಚಿದಳು.

"ಎಲ್ಲಿಗೆ?"

ಮಗಳಿಗೆ ನಗು ಬಂತು. "ನಿನ್ನ ಹತ್ರಾನೇ ಕಣಮ್ಮಾ. ಒಂದು ಟಿಕೆಟ್ ಕೊಡು."

"ಚಿಲ್ರೆ ಕೊಡಿ. ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಬೇಡಿ."

ಅಮ್ಮ ನಗುತ್ತಿರಲಿಲ್ಲ. ಸಾವಿರ ಪ್ರಯಾಣಿಕರಲ್ಲಿ ಒಬ್ಬಳನ್ನು ನೋಡುವಂತೆ ಮಗಳನ್ನು ನೋಡುತ್ತಿದ್ದಳು. "ಅಮ್ಮಾ, ನಾನು" ಎಂದಳು ಮಗಳು. "ಹೋಗಿ ಹೋಗಿ, ಹಿಂದೆ ಜನ ಇದ್ದಾರೆ" ಎಂದಳು ಅಮ್ಮ.

ಮಗಳು ಹೊರಗೋಡಿ ಅಣ್ಣನಿಗೆ ಫೋನ್ ಮಾಡಿದಳು. ಅಣ್ಣ ದೂರದಲ್ಲಿದ್ದ. ದೂರದಲ್ಲಿರುವವರಿಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ.

"ಅರಳುಮರಳು ಕಣೇ. ವಯಸ್ಸಾಯ್ತಲ್ಲ. ಅಲ್ಲೇ ಮೇಲಿನ ಮಹಡಿ ಇದೆಯಲ್ಲ, ಅಲ್ಲಿಗೆ ಹಾಕ್ಸು."

ಮೇಲಿನ ಮಹಡಿಯಲ್ಲಿ ಮರೆವಿನ ಕಾಯಿಲೆಯವರಿದ್ದರು. ದಾರಿ ತಪ್ಪಿ ಹೋಗದಿರಲೆಂದು ಅಲ್ಲಿನ ಬಾಗಿಲಿಗೆ ಸದಾ ಬೀಗ. ಅಲ್ಲಿಗೆ ಹತ್ತಿದವರು ಮತ್ತೆ ಕೆಳಗಿನ ತೋಟಕ್ಕೆ ಬಂದದ್ದನ್ನು ಮಗಳು ನೋಡಿರಲಿಲ್ಲ. ಬೀಗದ ಹಿಂದೆ ಅಮ್ಮ ಕೈಚಾಚಿ "ಎಲ್ಲಿಗೆ, ಎಲ್ಲಿಗೆ" ಎಂದು ಕೇಳುತ್ತಿರುವ ಚಿತ್ರ ಅವಳ ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ನರ್ಸ್ ಬಂದರು. ವರ್ಷಗಟ್ಟಲೆ ವೃದ್ಧರನ್ನೇ ನೋಡಿಕೊಂಡ ಮಧ್ಯವಯಸ್ಕ ಹೆಂಗಸು.

"ಯಾವತ್ತಿಂದ ಹೀಗೆ?"

"ಹೋದ ವಾರ ಸರಿಯಾಗೇ ಇದ್ಲು ಸಿಸ್ಟರ್. ನಾನು ಹೊಲಿದ ರವಿಕೆ ಹಾಕ್ಕೊಂಡು, ಕೊರಳಪಟ್ಟಿ ವಾರೆಯಾಗಿದೆ ಅಂತ ಬೈದಿದ್ಲು. ಅಣ್ಣ ಹೇಳ್ತಾನೆ, ಇದು ಮರೆವಿನ ಕಾಯಿಲೆನೇ ಅಂತೆ."

"ನಿಮ್ಮಣ್ಣ ಫೋನಲ್ಲೇ ನಾಡಿ ಹಿಡಿದ್ರಾ? ಮರೆವಿನ ಕಾಯಿಲೆ ಸಾಮಾನ್ಯವಾಗಿ ಹೀಗೆ ರಾತ್ರೋರಾತ್ರಿ ಬರಲ್ಲಮ್ಮಾ. ವಯಸ್ಸಾದವರು ದಿಢೀರಂತ ತಬ್ಬಿಬ್ಬಾದ್ರೆ ಮೊದಲು ಬೇರೆ ಕಾರಣ ಹುಡುಕ್ಬೇಕು. ಮೂತ್ರದ ಸೋಂಕು ಇರಬಹುದು, ಹೊಸ ಮಾತ್ರೆ ಇರಬಹುದು, ನೀರು ಸಾಲದೇ ಇರಬಹುದು."

"ನೀರಾ? ನಾನು ಬಂದಾಗೆಲ್ಲ ನೀರಿನ ಜಗ್ ಖಾಲಿಯಾಗಿರುತ್ತಲ್ಲ, ಕುಡೀತಾಳಲ್ಲ."

"ಹೌದು, ನಾವೂ ಹಾಗೇ ಅಂದ್ಕೊಂಡಿದ್ವಿ" ಎನ್ನುತ್ತಾ ನರ್ಸ್ ಕಂಡಕ್ಟರಮ್ಮನ ನಾಲಿಗೆ ನೋಡಿದರು. ಬಿಸಿಲಲ್ಲಿ ಬಿಟ್ಟ ತೊಗಲಿನಂತಿತ್ತು.

ಮಗಳ ಕಣ್ಣು ಕಿಟಕಿಗೆ ಹೋಯಿತು. ಕುಂಡದ ಮಣ್ಣಿಗೆ ಬೆರಳಿಟ್ಟಳು. ಬೆರಳು ಕೆಸರಿನಲ್ಲಿ ಇಳಿದುಹೋಯಿತು.

"ಅಯ್ಯೋ, ಈಗ ಗೊತ್ತಾಯ್ತಾ?" ಎಂದಿತು ಪಕ್ಕದ ಮಂಚ. ಅಲ್ಲಿದ್ದ ಅಜ್ಜಿ ದಿಂಬು ಜಾರಿದರೂ ಬೆಲ್ ಒತ್ತುವವಳು. "ಇವಳ ಪಾಲಿನದನ್ನೆಲ್ಲ ಆ ಗಿಡವೇ ಕುಡೀತು. ಯಾರಿಗೂ ಹೇಳ್ಬೇಡ ಅಂತ ಆಣೆ ಬೇರೆ ಹಾಕ್ಸಿದ್ಲು. ನಾನೂ ಬಾಯಿ ಮುಚ್ಕೊಂಡಿದ್ದೆ. ತಪ್ಪಾಯ್ತು."

"ಯಾಕಜ್ಜೀ? ಯಾಕೆ ಹಾಗ್ಮಾಡಿದ್ಲು?"

"ಕುಡಿದ್ರೆ ಬಚ್ಚಲಿಗೆ ಹೋಗ್ಬೇಕು. ಹೋಗೋಕೆ ಯಾರಾದ್ರೂ ಹಿಡ್ಕೊಬೇಕು. ಹಿಡ್ಕೊಳ್ಳೋಕೆ ಬೆಲ್ ಒತ್ಬೇಕು. ಬೆಲ್ ಒತ್ತಿದ್ರೆ ತೊಂದ್ರೆ ಕೊಟ್ಟ ಹಾಗಾಗುತ್ತಂತೆ. ತೊಂದ್ರೆ ಕೊಟ್ಟವರನ್ನ ಮೇಲಿನ ಮಹಡಿಗೆ ಹಾಕ್ತಾರಂತೆ! ನಾನು ದಿನವಿಡೀ ಒತ್ತುತ್ತೀನಿ, ನನ್ನನ್ನ ಯಾವ ಪುಣ್ಯಾತ್ಮ ಹಾಕಿದ ಅಂದೆ. ಕೇಳ್ಲಿಲ್ಲ. ಬಸ್ಸಲ್ಲಿದ್ದಾಗ್ಲೂ ಇಡೀ ದಿನ ನೀರು ಮುಟ್ಟದೆ ದುಡಿದಿದ್ದೀನಿ, ನಂಗೆ ಅಭ್ಯಾಸ ಅಂದ್ಲು." ಅಜ್ಜಿ ಮಗಳನ್ನು ಮೇಲಿಂದ ಕೆಳಗೆ ನೋಡಿದಳು. "ತೊಂದ್ರೆ ಕೊಡ್ಬೇಡ ಅಂತ ಪ್ರತಿ ವಾರ ಹೇಳ್ತಿದ್ದೋಳು ನೀನೇ ಅಲ್ವೇನಮ್ಮಾ?"

ಮಗಳು ಬೆರಳಿನ ಕೆಸರನ್ನು ನೋಡುತ್ತಾ ನಿಂತಳು.

"ಮೇಲಿನ ಮಹಡಿ ಶಿಕ್ಷೆಯಲ್ಲ" ಎಂದರು ನರ್ಸ್. "ಅಗತ್ಯ ಇರೋರಿಗೆ ಅದೂ ಆರೈಕೆನೇ. ಆದ್ರೆ ಇವರಿಗೆ ಅಗತ್ಯ ಇದೆಯಾ ಅಂತ ನೀರು ಕೊಡದೆ ಹೇಳೋಕಾಗಲ್ಲ. ಮೊದಲು ಡಾಕ್ಟರ್."

ಡಾಕ್ಟರ್ ಬಂದರು. ದೇಹದಲ್ಲಿ ನೀರಿಲ್ಲ, ಮೂತ್ರದಲ್ಲಿ ಸೋಂಕಿದೆ ಎಂದರು. ಡ್ರಿಪ್ ಹಾಕಿ ಔಷಧಿ ಶುರುಮಾಡಿದರು. "ಸರಿಹೋಗ್ತಾಳಾ?" ಎಂದು ಮಗಳು ಕೇಳಿದಾಗ "ನೋಡೋಣ" ಎಂದರು. ಡಾಕ್ಟರರ ನೋಡೋಣ ಎಂಬ ಮಾತಿನಷ್ಟು ಉದ್ದದ ಮಾತು ಭಾಷೆಯಲ್ಲಿ ಇನ್ನೊಂದಿಲ್ಲ. ಮಗಳು ಅಂಗಡಿ ತೆರೆಯಲಿಲ್ಲ. ದಿನವೂ ಅಮ್ಮನ ಪಕ್ಕ ಕೂತಳು. ದಿನವೂ ಆ ಅಂಗೈ ಮುಂದೆ ಬರುತ್ತಿತ್ತು: "ಎಲ್ಲಿಗೆ?" ಪ್ರತಿ ಸಲವೂ ಮಗಳು "ನಿನ್ನ ಹತ್ರಾನೇ" ಎನ್ನುತ್ತಿದ್ದಳು.

ಆಮೇಲೊಂದು ಬೆಳಿಗ್ಗೆ ಕೈ ಬರಲಿಲ್ಲ. ಅಮ್ಮ ತನ್ನ ರವಿಕೆಯ ಕೊರಳನ್ನು ಎಳೆದು ನೋಡುತ್ತಿದ್ದಳು.

"ಇನ್ನೂ ವಾರೆಯಾಗೇ ಇದೆ. ಅಂಗಡಿ ಬೇರೆ ಇಟ್ಕೊಂಡಿದ್ದಾಳೆ, ಮಹಾ ಟೈಲರ್!"

ಬೈಗುಳ ಕೇಳಿ ಮಗಳು ಅತ್ತಳು. ಅತ್ತು ಮುಗಿಸಿ ಹೇಳಿದಳು: "ಅಮ್ಮಾ, ನಾನು ಹೇಳಿದ್ದು ತಪ್ಪು. ತೊಂದ್ರೆ ಕೊಡು. ಅವರಿರೋದೇ ಅದಕ್ಕೆ. ಬೆಲ್ ಒತ್ತು."

"ಈಗ್ಲೇನಾ?"

"ಈಗ್ಲೇ."

ಕಂಡಕ್ಟರಮ್ಮ ಒತ್ತಿದಳು. ಬಸ್ ಹೊರಡಿಸುವ ಹಳೆಯ ರೂಢಿಯಂತೆ, ಎರಡು ಸಲ.

ಅಣ್ಣನಿಗೂ ಈಗ ಬುದ್ಧಿ ಬಂದಿದೆ. ಫೋನ್ ಮಾಡಿದರೆ "ಹೇಗಿದ್ದೀಯ" ಎನ್ನುವುದಿಲ್ಲ, "ಅಮ್ಮಾ, ನೀರು ಕುಡಿದ್ಯಾ?" ಎನ್ನುತ್ತಾನೆ. ಮಗಳು ಭಾನುವಾರಕ್ಕೇ ಕಾಯುವುದಿಲ್ಲ, ವಾರದ ನಡುವೆಯೂ ಹೇಳದೆ ಬಂದು ಇಣುಕುತ್ತಾಳೆ. ಬಂದಾಗ ಅಮ್ಮನ ಜೊತೆ ತಾನೂ ಒಂದು ಲೋಟ ಕುಡಿಯುತ್ತಾಳೆ.

ಓದುತ್ತಿರುವ ಅಕ್ಕಾ, ಅಣ್ಣಾ, ನಿಮ್ಮ ಮನೆಯ ಹಿರಿಯರೂ ಇಂಥ ಕಡೆ ಇದ್ದರೆ, ಹೊರಡುವಾಗ ಬಾಗಿಲಲ್ಲಿ ನೀವು ಹೇಳುವ ಮಾತನ್ನು ಒಮ್ಮೆ ನೆನಪಿಸಿಕೊಳ್ಳಿ. ಸಹಾಯ ಕೇಳುವುದು ತಪ್ಪಲ್ಲ ಎಂದು ಅವರಿಗೆ ನೀವೇ ಹೇಳಬೇಕು. ಜಗ್ ಖಾಲಿಯಾಗಿದೆ ಎಂದು ಸಮಾಧಾನಪಡಬೇಡಿ, ಬಾಯಿ ಒಣಗಿದೆಯೇ ನೋಡಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿದ್ದರೆ ಎಷ್ಟು ನೀರು ಕುಡಿಯಬಹುದೆಂದು ಡಾಕ್ಟರನ್ನು ಕೇಳಿ. ನಿನ್ನೆ ಮೊನ್ನೆ ಸರಿಯಿದ್ದವರು ಇಂದು ತಬ್ಬಿಬ್ಬಾದರೆ ವಯಸ್ಸಾಯಿತು ಎಂದು ಕೈಬಿಡಬೇಡಿ. ಅವತ್ತೇ ಡಾಕ್ಟರಿಗೆ ತೋರಿಸಿ.

ಕಂಡಕ್ಟರಮ್ಮ ಕೆಳಮಹಡಿಯಲ್ಲೇ ಇದ್ದಾಳೆ. ಲೋಳೆಸರ ಉಳಿಯಲಿಲ್ಲ.