ಅಜ್ಜಾವರದ ವೋಲ್ಟೇಜು

“ನಿಖಿತಾ ಕಂಪ್ಯೂಟರ್ ತಕ್ಕೊಂಡಳಂತೆ ಮಾರಾಯ್ತಿ, ಅದೂ ಹದಿನಾರು ಜಿಬಿ ಗ್ರಾಫಿಕ್ಸ್ ಕಾರ್ಡ್ ಹಾಕಿ. ನಿನಗೆ ಹೇಳ್ಲೇ ಇಲ್ವಾ?”

ಸಂಪ್ರೀತ್ ಕಾಲೇಜಿನ ಕ್ಯಾಂಟೀನಿನಲ್ಲಿ ಗೋಳಿಬಜೆ ಜಗಿಯುತ್ತಲೇ ಈ ಸುದ್ದಿ ಉದುರಿಸಿದ. ಸಮನ್ವಿತಾಳ ಕೈಯಲ್ಲಿದ್ದ ಗೋಳಿಬಜೆ ಚಟ್ನಿಯ ಬಟ್ಟಲಿನ ಮೇಲೆ ಹಾಗೇ ನಿಂತುಬಿಟ್ಟಿತು.

“ಹೇಳಿದ್ದಾಳೆ, ಹೇಳಿದ್ದಾಳೆ,” ಎಂದಳು. ಅಪ್ಪಟ ಸುಳ್ಳು.

ಮೂವರೂ ಪುತ್ತೂರಿನಲ್ಲಿ ಬಿಸಿಎ ಎರಡನೇ ವರ್ಷ. ಸಮನ್ವಿತಾ ಸುಳ್ಯದ ಆಚೆ ಅಜ್ಜಾವರದಿಂದ, ನಿಖಿತಾ ಕಡಬದ ಹತ್ತಿರದಿಂದ ದಿನಾ ಬಸ್ಸಿನಲ್ಲಿ ಬರುವವರು. ಸಮನ್ವಿತಾಳಿಗೆ ಬಸ್ಸಿನ ಹೊತ್ತೆಂದರೆ ಪಟ್ಟಿಯ ಹೊತ್ತು. ಅವಳ ಮೊಬೈಲಿನಲ್ಲಿ ‘ನನ್ನ ಕಂಪ್ಯೂಟರ್’ ಎಂಬ ಹೆಸರಿನ ಒಂದು ಪಟ್ಟಿ ಒಂದೂವರೆ ವರ್ಷದಿಂದ ಬೆಳೆಯುತ್ತಿತ್ತು. ಎಪ್ಪತ್ತು ಸಾವಿರದೊಳಗೆ ಎಲ್ಲ ಆಟವನ್ನೂ ಆಡುವಂಥ ಯಂತ್ರ ಕಟ್ಟಬೇಕು, ಅದೇ ಅವಳ ಹಟ. ಆಟದ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡು ಕೆಂಪು ಕಂಪೆನಿಯದ್ದೋ ಹಸಿರು ಕಂಪೆನಿಯದ್ದೋ ಎಂದು ಅವಳು ತಲೆಕೆಡಿಸಿಕೊಂಡಷ್ಟು ಯಾವ ಕೋರ್ಸಿಗೆ ಸೇರುವುದೆಂದೂ ಕೆಡಿಸಿಕೊಂಡಿರಲಿಲ್ಲ. ಎಂಟು ಜಿಬಿಯ ಕಾರ್ಡು ಹೊಸ ಆಟಗಳಿಗೆ ಸಾಲುವುದಿಲ್ಲ, ಹದಿನಾರರದ್ದು ಬಜೆಟ್ಟಿಗೆ ಸಿಗುವುದಿಲ್ಲ. ಕ್ಯಾಬಿನೆಟ್ಟಿನ ಮುಂಭಾಗಕ್ಕೆ ಗಾಜು ಬೇಡ, ಜಾಲರಿ ಇರಲಿ, ನಮ್ಮ ಕಡೆಯ ಸೆಕೆಗೆ ಗಾಳಿಯಾಡಬೇಕು. ಹೀಗೆ ಒಂದೊಂದು ಸಾಲಿನ ಹಿಂದೆಯೂ ಇಪ್ಪತ್ತು ಮೂವತ್ತು ವೀಡಿಯೊ ನೋಡಿದ ಶ್ರಮವಿತ್ತು. ಉಪನಯನ, ಗೃಹಪ್ರವೇಶಗಳಿಗೆ ಮೊಬೈಲಿನಲ್ಲೇ ಆಮಂತ್ರಣದ ವೀಡಿಯೊ ಮಾಡಿಕೊಟ್ಟು ಅರ್ಧ ಹಣ ಒಟ್ಟು ಮಾಡಿದ್ದಳು. ರ‍್ಯಾಮಿನ ಬೆಲೆ ಇಳಿಯಲಿ ಎಂದು ಕಾದಳು. ಅದು ಇಳಿಯುವ ಬದಲು ಏರುತ್ತಲೇ ಹೋಯಿತು.

ಮತ್ತೆ ಈ ನಿಖಿತಾ! ವರ್ಷದ ಹಿಂದೆ ರ‍್ಯಾಮ್ ಯಾವುದು, ಎಸ್‌ಎಸ್‌ಡಿ ಯಾವುದು ಎಂದು ಗೊತ್ತಿಲ್ಲದವಳು. ಲೈಬ್ರರಿಯ ಮೆಟ್ಟಿಲಲ್ಲಿ ಕೂರಿಸಿ ಅ ಆ ಇ ಈ ಕಲಿಸಿದಂತೆ ಕಲಿಸಿದ್ದು ಸಮನ್ವಿತಾ. ಕೇಳಿದಾಗ ಪಟ್ಟಿಯನ್ನೂ ಕಳಿಸಿಕೊಟ್ಟಿದ್ದಳು, ಟೀಚರಮ್ಮನ ಗತ್ತಿನಲ್ಲಿ.

ಹಣ ಎಲ್ಲಿಂದ ಬಂತು ಎಂದು ವಿಚಾರಿಸಿದ್ದಕ್ಕೆ ಸಂಪ್ರೀತ್ ಹೆಗಲು ಕುಣಿಸಿದ. “ಅಪ್ಪನತ್ರ ಕೇಳಿದಳಂತೆ. ಆಯ್ತು ಅಂದರಂತೆ.”

ಅಷ್ಟೇ. ಕೇಳುವುದು ಎಂಬ ದಾರಿಯೊಂದು ಈ ಲೋಕದಲ್ಲಿದೆ ಎಂದು ಸಮನ್ವಿತಾಳಿಗೆ ಹೊಳೆದೇ ಇರಲಿಲ್ಲ.

ಸಂಜೆ ಬಸ್ಸಿನಲ್ಲಿ ನಿಖಿತಾಳ ಸ್ಟೇಟಸ್ಸಿನ ಫೋಟೋಗಳನ್ನು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಮದರ್‌ಬೋರ್ಡ್ ತನ್ನ ಪಟ್ಟಿಯದ್ದೇ. ಪ್ರೊಸೆಸರ್ ಪಟ್ಟಿಯದ್ದೇ. ಜಾಲರಿಯ ಕ್ಯಾಬಿನೆಟ್ಟೂ ಪಟ್ಟಿಯದ್ದೇ. ಕಾರ್ಡು ಮಾತ್ರ ಪಟ್ಟಿಗಿಂತ ಮೇಲಿನದ್ದು, ಮೂರು ಫ್ಯಾನಿನದ್ದು, ಮದುಮಗಳ ಹಾಗೆ ಮಿನುಗುತ್ತಿತ್ತು. ಒಂದು ತಪ್ಪಾದರೂ ಸಿಗಲಿ ಎಂದು ಹುಡುಕಿದಳು. ಕುಂಬ್ರ ದಾಟುವಾಗ ಸಿಕ್ಕಿತು. ಕ್ಯಾಬಿನೆಟ್ಟಿನ ತಳದಲ್ಲಿ ಕರೆಂಟು ಹಂಚುವ ಪೆಟ್ಟಿಗೆ, ಅಂದರೆ ಪವರ್ ಸಪ್ಲೈ, ಅಗ್ಗದ ಜಾತಿಯದ್ದು. ಇನ್ನೂರು ವೋಲ್ಟಿಗಿಂತ ಕೆಳಗಿಳಿದರೆ ತಾಳುವುದಿಲ್ಲ. ಸಮನ್ವಿತಾಳ ಪಟ್ಟಿಯಲ್ಲಿದ್ದದ್ದು ನೂರು ವೋಲ್ಟಿನಲ್ಲೂ ಕೆಲಸ ಮಾಡುವಂಥದ್ದು, ಬೆಲೆ ಎರಡರಷ್ಟು.

ಇದೇಕೆ ಬೇಕೆಂದು ಪೇಟೆಯವರಿಗೆ ಅರ್ಥವಾಗಲಿಕ್ಕಿಲ್ಲ. ಹಳ್ಳಿಗಳಲ್ಲಿ ಪಂಪುಗಳಿಗೆ ತ್ರೀ ಫೇಸ್ ಕರೆಂಟು ಬರುವುದು ಇಂತಿಷ್ಟು ಹೊತ್ತಿಗೆ ಎಂದು ಲೆಕ್ಕ. ಬಂದದ್ದೇ ತಡ, ಸುತ್ತಮುತ್ತಲಿನ ಅಷ್ಟೂ ತೋಟಗಳ ಪಂಪು ಒಟ್ಟಿಗೆ ಶುರುವಾಗುತ್ತವೆ. ಮನೆಯೊಳಗೆ ಬಲ್ಬು ಹಳದಿಯಾಗುತ್ತದೆ, ಫ್ಯಾನು ಸುಸ್ತಾಗುತ್ತದೆ.

ಒಂದು ಮೆಸೇಜು ಹಾಕಿದರೆ ಮುಗಿಯುತ್ತಿತ್ತು. ಸಮನ್ವಿತಾ ಚಪ್ಪಾಳೆಯ ಚಿತ್ರ ಒಂದನ್ನು ಕಳಿಸಿ ಫೋನು ಚೀಲದೊಳಗೆ ಹಾಕಿದಳು.

ಹತ್ತು ದಿನ ಕಳೆಯಿತು. ಶನಿವಾರ ಮಧ್ಯಾಹ್ನ ಕ್ಲಾಸು ಬಿಟ್ಟ ಕೂಡಲೇ ನಿಖಿತಾ ಅವಳ ಕೈ ಹಿಡಿದುಕೊಂಡು, ಕಂಪ್ಯೂಟರ್ ದಿನಾ ಆಡುವಾಗ ಫಕ್ಕನೆ ಆಫ್ ಆಗುತ್ತದೆ, ಒಮ್ಮೆ ಬಂದು ನೋಡು ಎಂದು ಅಂಗಲಾಚಿದಳು. ಸಮನ್ವಿತಾ ಒಲ್ಲದ ಮನಸ್ಸಿನವಳಂತೆ ಮುಖ ಮಾಡಿಕೊಂಡು ಕಡಬದ ಬಸ್ಸು ಹತ್ತಿದಳು. ಒಳಗೊಳಗೆ ಯಾರೋ ಡೋಲು ಬಡಿಯುತ್ತಿದ್ದರು.

ನಿಖಿತಾಳ ಅಮ್ಮ ದೇವಕಿ ಬಾಗಿಲಲ್ಲೇ ಬೆಲ್ಲ, ನೀರು ಕೊಟ್ಟು, “ನೀನೇ ಅಲ್ವಾ ಇವಳ ಕಂಪ್ಯೂಟರ್ ಟೀಚರ್? ಮೂರು ಹೊತ್ತೂ ನಿನ್ನದೇ ಹೆಸರು,” ಎಂದರು. ಸಮನ್ವಿತಾ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ಒಳಗೆ ನಡೆದಳು.

ಕೋಣೆಯೊಳಗೆ ಕಂಪ್ಯೂಟರಿನ ಪಕ್ಕದಲ್ಲಿ ಹಳೇ ಫ್ರಿಜ್ಜಿನ ಸ್ಟೆಬಿಲೈಸರ್ ಕೂತಿತ್ತು. ಅದು ಉಂಟಲ್ಲ, ಮತ್ತೆ ಕರೆಂಟಿನ ಹೆದರಿಕೆ ಇಲ್ಲ ಎಂದು ಮನೆಯವರಿಗೆಲ್ಲ ಧೈರ್ಯ. ನಿಖಿತಾ ಆಟ ಹಾಕಿದಳು. ಪರದೆಯಲ್ಲಿ ಕಾಡು, ನೀರು, ನೀರಿನೊಳಗೆ ಆಕಾಶ. ಮೀನಿನ ನೆರಳು ಸಹ ಕಾಣುತ್ತಿತ್ತು. ಸಮನ್ವಿತಾ ಬಾಯಿ ತೆರೆದು ನೋಡಿದಳು. ಒಂದೂವರೆ ವರ್ಷ ಅವಳು ಕನಸು ಕಂಡ ನೀರು ಅದು, ಬೇರೆಯವರ ಮೇಜಿನ ಮೇಲೆ ಹರಿಯುತ್ತಿತ್ತು.

ನಾಲ್ಕು ಗಂಟೆಗೆ ಎಲ್ಲೋ ಕೆಳಗಡೆ ಪಂಪು ಗೊರಗುಟ್ಟಿತು. ಫ್ಯಾನು ನಿಧಾನವಾಯಿತು. ಸ್ಟೆಬಿಲೈಸರ್ ಟಕ್ ಟಕ್ ಎಂದಿತು. ಕಾಡೂ ನೀರೂ ಒಟ್ಟಿಗೆ ಕಪ್ಪಾದವು.

“ನೋಡಿದಿಯಾ? ನಾನು ಕಾಲೇಜಿಂದ ಬಂದು ಆಡ್ಲಿಕ್ಕೆ ಕೂತರೆ ದಿನಾ ಇದೇ ಕತೆ,” ಎಂದಳು ನಿಖಿತಾ. ಆಟ ಆಡುವಾಗಲೇ ಹೀಗಾಗುವುದರಿಂದ ಇದು ಕಾರ್ಡಿನ ದೋಷವೇ ಎಂದು ಅವಳು ತೀರ್ಮಾನಿಸಿಯಾಗಿತ್ತು. ಪುತ್ತೂರಿನ ದರ್ಬೆಯಲ್ಲಿ ಇದನ್ನು ಕೊಂಡ ಅಂಗಡಿಗೆ ಹೊತ್ತುಕೊಂಡು ಹೋಗಿದ್ದಳಂತೆ. ಅಂಗಡಿಯ ಕುಂಞಿ ಮೋನು ಎರಡು ಗಂಟೆ ಓಡಿಸಿ ನೋಡಿದರೂ ಅಲ್ಲಿ ಏನೂ ಆಗಲಿಲ್ಲವಂತೆ. ಸರಿ ಇರುವ ಕಾರ್ಡನ್ನು ಬದಲಿಸಿ ಕೊಡುವುದು ಹೇಗೆ ಎಂದು ಅವರು ಕೇಳಿದರಂತೆ. ಕೇಳುವುದೂ ನ್ಯಾಯವೇ.

ಸಮನ್ವಿತಾಳಿಗೆ ಎಲ್ಲವೂ ಅಂಗೈಯಲ್ಲಿಟ್ಟಷ್ಟು ಸ್ಪಷ್ಟವಿತ್ತು. ಪೇಟೆಯ ಕರೆಂಟಿನಲ್ಲಿ ಅಗ್ಗದ ಪೆಟ್ಟಿಗೆಯೂ ರಾಜನೇ. ಇಲ್ಲಿ ನಾಲ್ಕು ಗಂಟೆಯ ನಂತರ ಅದರ ಜೀವ ಹೋಗುತ್ತದೆ, ಆ ಮುದಿ ಸ್ಟೆಬಿಲೈಸರ್ ಅದನ್ನು ಹಿಡಿದು ನಿಲ್ಲಿಸಲಾರದು. ಕಾರ್ಡು ಚಿನ್ನದಂಥದ್ದು. ಹೇಳಲು ಬಾಯಿ ತೆರೆದಳು ಕೂಡ.

ಅಷ್ಟರಲ್ಲಿ ನಿಖಿತಾ, “ನನಗೆ ಸಾಕಾಯ್ತು ಮಾರಾಯ್ತಿ. ಇದನ್ನು ಅರ್ಧ ರೇಟಿಗೆ ಯಾರಿಗಾದರೂ ಕೊಟ್ಟು ಸಣ್ಣದು ಹಾಕಿಸ್ತೇನೆ. ನಿನಗೆ ಬೇಕಾ? ನೀನಾದರೆ ರಿಪೇರಿ ಮಾಡ್ಕೊಳ್ತಿ,” ಎಂದಳು.

ತೆರೆದ ಬಾಯಿ ಮುಚ್ಚಿತು. ಅರ್ಧ ರೇಟಿಗೆ ಹದಿನಾರು ಜಿಬಿ. ಒಟ್ಟು ಮಾಡಿದ ಹಣದಲ್ಲೇ ಬರುತ್ತದೆ.

“ನೋಡುವ,” ಎಂದಳು. ಅವಳ ದನಿ ಅವಳಿಗೇ ಪರಕೀಯವಾಗಿ ಕೇಳಿಸಿತು. “ನಾಳೆ ದರ್ಬೆಗೆ ತಾ. ನಾನು ಹಣ ತರ್ತೇನೆ.”

ಬೆಳ್ಳಾರೆಯಾಗಿ ಸುಳ್ಯಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಸೀಟೇ ಸಿಕ್ಕಿತು. ಕಾರ್ಡು ಬಂದರೆ ಪಟ್ಟಿಯಲ್ಲಿ ಇನ್ನೇನೇನು ಬದಲಿಸಬಹುದು ಎಂದು ನೋಡಲು ಫೋನು ತೆಗೆದಳು. ನಿಖಿತಾಳಿಗೆ ಪಟ್ಟಿ ಕಳಿಸಿದ ಹಳೇ ಮೆಸೇಜು ಹುಡುಕುತ್ತ ಮೇಲೆ ಮೇಲೆ ಹೋದಳು. ಪಟ್ಟಿ ಸಿಕ್ಕಿತು. ಅದರ ಕೆಳಗೆ ನಿಖಿತಾಳ ಪ್ರಶ್ನೆ ಇತ್ತು: “ಈ ಪವರ್ ಸಪ್ಲೈಗೆ ಯಾಕೆ ಅಷ್ಟು ರೇಟು? ನಮಗೂ ಅದೇ ಬೇಕಾ?”

ಅದರ ಕೆಳಗೆ ತಾನು ಬರೆದದ್ದು: “ಅದು ಅಜ್ಜಾವರದ ವೋಲ್ಟೇಜಿಗೆ. ನಿಮ್ಮ ಕಡೆಗೆಲ್ಲ ಬೇಡ.”

ಸಮನ್ವಿತಾಳ ಕಿವಿ ಬಿಸಿಯಾಯಿತು. ಕಡಬದ ವೋಲ್ಟೇಜು ಹೇಗೆಂದು ಆವತ್ತು ಅವಳು ಯೋಚಿಸಿಯೇ ಇರಲಿಲ್ಲ. ಇಡೀ ಪಟ್ಟಿಯನ್ನು ಕೊಟ್ಟ ಮೇಲೆ ಒಂದು ಸಾಲಾದರೂ ತನ್ನದೇ ಆಗಿ ಉಳಿಯಲಿ ಎಂಬ ಆಸೆ, ಅಷ್ಟೇ. ನಿಖಿತಾ ಮೋಸವನ್ನೂ ಮಾಡಿರಲಿಲ್ಲ, ಜಿಪುಣತನವನ್ನೂ ಮಾಡಿರಲಿಲ್ಲ. ಟೀಚರ್ ಹೇಳಿದ್ದನ್ನು ಅಕ್ಷರ ತಪ್ಪದೆ ಕೇಳಿದ್ದಳು. ಈಗ ಅದೇ ಟೀಚರಿಗೆ ಕಾರ್ಡನ್ನು ಅರ್ಧ ರೇಟಿಗೆ ಕೊಡಲು ಹೊರಟಿದ್ದಳು.

ಪಂಜ ದಾಟಿತು. ಮೂರು ಸಲ ಬರೆದು ಮೂರು ಸಲ ಅಳಿಸಿದಳು. ಕಾರ್ಡು ಕೈಗೆ ಬಂದ ಮೇಲೆ ಹೇಳಬಹುದಲ್ಲ ಎಂದು ಒಂದು ಮನಸ್ಸು. ಕಾರ್ಡು ಸರಿಯಿದ್ದದ್ದು ನನಗೇನು ಗೊತ್ತಿತ್ತು ಎಂದು ಮುಂದೆ ಹೇಳಬೇಕಾದ ಸುಳ್ಳನ್ನೂ ಅದು ಆಗಲೇ ತಯಾರು ಮಾಡಿಟ್ಟಿತ್ತು. ದೇವಕಿ ಕೊಟ್ಟ ಬೆಲ್ಲದ ರುಚಿ ಬಾಯಲ್ಲಿ ಇನ್ನೂ ಇತ್ತು. ಎಂಥ ಗ್ರಹಚಾರ ಎಂದು ಗೊಣಗುತ್ತ ನಿಖಿತಾಳಿಗೆ ಫೋನೇ ಮಾಡಿದಳು.

“ಕಾರ್ಡಿಗೆ ಎಂತದೂ ಆಗ್ಲಿಲ್ಲ. ಪವರ್ ಸಪ್ಲೈ ಸಾಲುದಿಲ್ಲ ಅದಕ್ಕೆ. ಪಂಪು ಹಾಕಿದ ಕೂಡ್ಲೆ ಸಾಯ್ತದೆ. ನಾನೇ ಅವತ್ತು ತಪ್ಪು ಹೇಳಿದ್ದು.”

ನಿಖಿತಾ, “ಹಾಗಾದರೆ ಕಾರ್ಡು ನಂದೇ?” ಎಂದಳು. ಆ ದನಿಯ ಖುಷಿ ಸಮನ್ವಿತಾಳ ಕಿವಿಗೆ ಸೂಜಿಯ ಹಾಗೆ ಚುಚ್ಚಿತು.

“ನಿಂದೇ. ಇನ್ನೆಂತ, ನಂದಾ?” ಎಂದು ಸಿಡುಕಿದಳು.

“ನಿನಗೆ ಮೊದಲೇ ಗೊತ್ತಿತ್ತಾ?”

ಬಸ್ಸು ಒಂದು ತಿರುವು ತೆಗೆಯಿತು.

“ಫೋಟೋ ನೋಡಿದಾಗಲೇ ಗೊತ್ತಿತ್ತು. ಹೊಟ್ಟೆ ಉರೀತಾ ಇತ್ತು ನನಗೆ. ಈಗಲೂ ಉರೀತದೆ.”

ನಿಖಿತಾ ನಗಲಿಲ್ಲ, ಬೈಯಲೂ ಇಲ್ಲ. ಆ ಅಂಗಡಿ ಭಾನುವಾರ ಮಧ್ಯಾಹ್ನದವರೆಗೆ ಮಾತ್ರ ಎಂದು ನೆನಪಿಸಿದಳು.

“ಹಾಗಾದರೆ ಹತ್ತು ಗಂಟೆಗೆ ಅಂಗಡಿ ಎದುರು ಬಾ,” ಎಂದಳು ಸಮನ್ವಿತಾ. “ಕಾರ್ಡು ಮನೆಯಲ್ಲೇ ಇರಲಿ, ಪವರ್ ಸಪ್ಲೈ ಮಾತ್ರ ಬಿಚ್ಚಿ ತಾ, ಬದಲಿಸುವ. ಬಿಲ್ಲು ಮರೀಬೇಡ.”