ಪಕ್ಕಕ್ಕೆ ಸರಿಯುವ ಅಕ್ಕ

ಅಕ್ಕ ಯಾವ ಜಗಳದಿಂದಲೂ ಧಡಕ್ಕನೆ ಎದ್ದು ಹೋದದ್ದನ್ನು ನಾನು ಕಂಡಿಲ್ಲ. ಆಕೆ ಪಕ್ಕಕ್ಕೆ ಸರಿಯುವವರು. ಮಾತು ಬಿಸಿಯೇರುತ್ತಿದೆ ಅನ್ನಿಸಿದ ಕ್ಷಣವೇ ಬಲಗೈಯನ್ನು ಚಪ್ಪಟೆಯಾಗಿಸಿ ಗಾಳಿಯನ್ನು ಒಂದು ಬದಿಗೆ ತಳ್ಳಿ, ಕುರ್ಚಿಯ ಸಮೇತ ಗೇಣುದ್ದ ಅತ್ತ ಜರುಗಿ, ಅದೇ ಮಾತನ್ನು ಅಲ್ಲಿಂದ ತಣ್ಣಗೆ ಮುಂದುವರಿಸುವರು. ಕಡಲ ತಳಕ್ಕೆ ಇಳಿಯುವುದನ್ನು ಕಲಿಸುವ ಶಾಲೆಯಲ್ಲಿ ಆಕೆ ಹಿರಿಯ ಶಿಕ್ಷಕಿ. ಶಾಲೆ ನಡೆಸುವವನು ಆಕೆಯ ಒಡಹುಟ್ಟಿದ ತಮ್ಮ. ಹಾಗಾಗಿ ಮಾಲೀಕನಿಗೂ ಅಕ್ಕ, ದೋಣಿಯವನಿಗೂ ಅಕ್ಕ, ನಲವತ್ತು ದಾಟಿದ ಮೇಲೆ ಮುಳುಗುವ ಹುಚ್ಚು ಹತ್ತಿಸಿಕೊಂಡು ಬಂದ ನನಗೂ ಅಕ್ಕ.

ಗಿಡ್ಡ ದೇಹ, ನೆಲದ ಮೇಲೂ ಕಾಲಿಗೆ ಈಜುವ ರಬ್ಬರ್ ಫಿನ್ ತೊಟ್ಟವರಂತೆ ಪಾದವನ್ನು ಎತ್ತಿ ಎತ್ತಿ ಇಡುವ ನಡಿಗೆ, ಉರಿಬಿಸಿಲಿನಲ್ಲೂ ಮೈಮೇಲೆ ಗಂಡನ ಉಣ್ಣೆಯ ಕೋಟು. ಆ ಯಜಮಾನರು ಬೇರೆ ಕೋಟು ಹೊಲಿಸಿಕೊಂಡರೇ ಹೊರತು ಇದು ಅವರಿಗೆ ಮರಳಿ ಸಿಗಲಿಲ್ಲ. ಅದರ ಜೇಬಿನಲ್ಲಿ ಸದಾ ಒಂದು ಒದ್ದೆ ಬೆಂಕಿಪೊಟ್ಟಣ. ಅದು ಹತ್ತಿದ್ದನ್ನು ಯಾರೂ ನೋಡಿಲ್ಲ, ಆಕೆ ಎಸೆದದ್ದನ್ನೂ ನೋಡಿಲ್ಲ.

ಹವಳದ ದಿಬ್ಬದ ಮಗ್ಗುಲಿನ ಮರಳುಗುಳಿಯಲ್ಲಿ ಮೊಟ್ಟೆಯಿಟ್ಟು ಕಾವಲು ಕೂತ ಒಂದು ಹೆಣ್ಣು ಟ್ರಿಗರ್ ಮೀನಿತ್ತು. ಮೊಳದುದ್ದದ ಮೈ, ಮುಂಚಾಚಿದ ಹಲ್ಲು, ಒಂದನ್ನೊಂದು ನಂಬದೆ ಬೇರೆ ಬೇರೆ ದಿಕ್ಕಿಗೆ ಹೊರಳುವ ಕಣ್ಣುಗಳು. ವಿದ್ಯಾರ್ಥಿಗಳು ಅದಕ್ಕೆ ‘ಅತ್ತೆ’ ಎಂದು ಹೆಸರಿಟ್ಟಿದ್ದರು. ಅತ್ತೆಯ ಅಂಗಳ ಆ ಗುಳಿಯಷ್ಟೇ ಅಲ್ಲ, ಅಲ್ಲಿಂದ ಆಲಿಕೆಯಂತೆ ಅಗಲವಾಗುತ್ತ ನೀರಿನ ಮೇಲ್ಮೈಯವರೆಗೂ ಹಬ್ಬಿದೆ, ಮೇಲಕ್ಕೆ ಓಡಿದಷ್ಟೂ ನೀವು ಅವಳ ಮನೆಯೊಳಗೇ ಇರುತ್ತೀರಿ ಎಂಬುದು ಅಕ್ಕನ ಮೊದಲ ಪಾಠ.

“ಮೇಲಕ್ಕಲ್ಲ, ಪಕ್ಕಕ್ಕೆ. ಗೊತ್ತಾಯ್ತಾ? ಗೊತ್ತಾಗಿಲ್ಲ ಬಿಡಿ, ಕಚ್ಚಿದ್ಮೇಲೆ ಗೊತ್ತಾಗತ್ತೆ.”

ಗೊತ್ತಾದವರ ಸಂಖ್ಯೆ ಆ ವರ್ಷ ವಿಪರೀತ ಹೆಚ್ಚಿತು. ಕಲಿಯಲು ಬಂದವರು ಪಾಠ ಅರ್ಧಕ್ಕೇ ಬಿಟ್ಟು ಗಂಟುಮೂಟೆ ಕಟ್ಟತೊಡಗಿದರು. ಒಂದು ಬೆಳಿಗ್ಗೆ ತಮ್ಮ, ದೋಣಿ ದಿಬ್ಬದ ಬಳಿ ನಿಂತದ್ದೇ ತಡ, ಮೀನು ಹೊಡೆಯುವ ಈಟಿ ಕೈಗೆತ್ತಿಕೊಂಡ.

“ಇವತ್ತು ಅದರ ಕಥೆ ಮುಗಿಸ್ತೀನಿ ಅಕ್ಕಾ.”

“ಅದರ ಮನೆಗೆ ನಾವು ನುಗ್ಗಿ, ಅದನ್ನೇ ಕೊಲ್ಲೋದಾ? ಅದು ಸತ್ತ ದಿನ ನನ್ನ ಪಾಠಾನೂ ನಿಂತುಹೋಯ್ತು ಅಂದ್ಕೋ.”

ಅವನು ಕಿವಿಗೆ ಹಾಕಿಕೊಳ್ಳದೆ, ಗಾಳಿಯ ಸಿಲಿಂಡರ್ ಬೆನ್ನಿಗೇರಿಸಿ ಒಬ್ಬನೇ ಧುಮುಕಿದ. ಒಬ್ಬರೇ ಇಳಿಯಬಾರದೆಂಬುದು ಅವನೇ ಮಾಡಿದ ನಿಯಮ. ಅಕ್ಕ ಕೋಟು ಕಳಚಿ, ತಾವೂ ಸಿಲಿಂಡರ್ ಏರಿಸಿ ಹಿಂದೆಯೇ ಇಳಿದರು. ಅವರ ಜೊತೆಗೆ ನಾನು.

ಅತ್ತೆ ಬೆನ್ನಿನ ಮುಳ್ಳು ನಿಗುರಿಸಿ, ಒಮ್ಮೆ ಓರೆಯಾಗಿ ನೋಡಿ, ನೇರ ಅವನ ಮುಖಕ್ಕೇ ನುಗ್ಗಿದಳು. ಈಟಿ ಕೈಜಾರಿ ಗುಳಿಯ ಅಂಚಿಗೆ ಬಿತ್ತು. ವರ್ಷಗಟ್ಟಲೆ ಅಕ್ಕನ ‘ಪಕ್ಕಕ್ಕೆ, ಪಕ್ಕಕ್ಕೆ’ ಪಾಠವನ್ನು ಊರಿಗೆಲ್ಲ ಉಪದೇಶಿಸಿದ ಆ ಮಹಾಶಯ, ಉಸಿರು ಬಿಗಿಹಿಡಿದು ಮೇಲಕ್ಕೇ ಕಾಲು ಝಾಡಿಸಿದ! ಸಿಲಿಂಡರಿನ ಗಾಳಿ ಎಳೆದು, ಅದನ್ನು ಹೊರಬಿಡದೆ ಹಾಗೆ ಏರಿದರೆ, ಗಾಳಿ ಒಳಗೇ ಹಿಗ್ಗಿ ಶ್ವಾಸಕೋಶ ಒಡೆದುಹೋಗಬಹುದು. ಅಕ್ಕ ಅವನ ಕಾಲು ಹಿಡಿದು ಜಗ್ಗಿ, ಹೊಟ್ಟೆಗೊಂದು ಗುದ್ದಿ ಉಸಿರು ಬಿಡಿಸಿ, ಮೀನಿಗೂ ಅವನಿಗೂ ನಡುವೆ ತಮ್ಮದೇ ತಲೆ ಕೊಟ್ಟು, ಹಟಮಾರಿ ಮಗುವನ್ನು ಅಂಗಡಿಯ ಮುಂದಿನಿಂದ ಎಳೆದೊಯ್ಯುವಂತೆ ಪಕ್ಕಕ್ಕೆ ಎಳೆದುಕೊಂಡು ಹೋದರು. ಅತ್ತೆ ಆಕೆಯ ಎಡಗಿವಿಯ ತುದಿಯನ್ನೇ ಕಿತ್ತಳು. ಇವರು ಇನ್ನೂ ಕೆಲವು ಮಾರು ದಾಟಿದ್ದೇ, ಅತ್ತೆ ತನ್ನ ಅಂಗಳದ ಅಂಚಿನಲ್ಲೇ ಗಕ್ಕನೆ ನಿಂತು, ಏನೂ ಆಗದವಳಂತೆ ತನ್ನ ಮೊಟ್ಟೆಗಳ ಬಳಿಗೆ ಮರಳಿದಳು.

ದೋಣಿಯಲ್ಲಿ ತಮ್ಮ, ಮಗುವಿನಂತೆ ಅತ್ತುಬಿಟ್ಟ. “ಅಕ್ಕಾ, ನಿನ್ನ ಕಿವಿ...”

“ಇನ್ನೊಂದಿದೆ ಬಿಡೋ. ಈಟಿ ಅಲ್ಲೇ ಬಿತ್ತಲ್ಲ, ಹೋಗಿ ತಗೊಂಡ್ಬಾ.”

ಅವನು ಹೋಗಲಿಲ್ಲ. ಮರುದಿನ ತಾನೇ ದೋಣಿ ಒಯ್ದು, ಅತ್ತೆಯ ಅಂಗಳದ ಸುತ್ತ ನೀರಿನ ಮೇಲೆ, ಇತ್ತ ಬರಬೇಡಿ ಎಂದು ಸಾರುವ ಕೆಂಪು ತೇಲುಬುರುಡೆಗಳನ್ನು ಬಿಟ್ಟು ಬಂದ. ಈಟಿ ಇಂದಿಗೂ ಅಲ್ಲೇ ತುಕ್ಕು ಹಿಡಿಯುತ್ತಿದೆ.

ಕ್ರೋಧವನ್ನು ಎದುರಿಸಿ ನಿಲ್ಲುವವರನ್ನು ಲೋಕ ಹಾಡಿ ಹೊಗಳುತ್ತದೆ, ಹೊಗಳಲಿ. ನನ್ನ ನಮಸ್ಕಾರ ಅಕ್ಕನಂಥವರಿಗೆ. ಪರರ ಕ್ರೋಧಕ್ಕೂ ಒಂದು ಅಂಗಳವಿದೆ, ಅದು ಎಲ್ಲೋ ಒಂದೆಡೆ ಮುಗಿಯುತ್ತದೆ ಎಂಬ ಭರವಸೆಯಿಂದ, ಆ ಗೆರೆಯಾಚೆ ಮುಟ್ಟಿಸುವ ತನಕ ನಮ್ಮ ಕಾಲು ಬಿಡದವರು ಇವರು. ಇವರ ಮೈಯಲ್ಲಿ ಎಲ್ಲಾದರೂ ಒಂದು ಚೂರು ಕಡಿಮೆ ಇದ್ದೇ ಇರುತ್ತದೆ. ವಿಚಾರಿಸಿ ನೋಡಿ, ಅದು ಹೋದದ್ದು ಇನ್ನೊಬ್ಬರನ್ನು ಎಳೆದು ತರುವಾಗ.