ಕೊನಾಡು ಮನೆಯ ಹುಡುಗಿ

"ಹುಡುಗೀನ ಅಡುಗೆಮನೆಗೆ ನೂಕ್ರೇ, ಬೇಗ! ಕೌನ್ಸಿಲ್‌ನೋಳು ಬಂದ್ಲು!" ಎಂದು ಕೊನಾಡುವಿನ ಊರಿನವನೇ ಆದ ಓಪೋಕು ಬಾಗಿಲಿನಿಂದಲೇ ಪಿಸುಗುಟ್ಟಿದ. ಅವನ ಪಿಸುಮಾತೆಂದರೆ ಟಾಟ್ನಮ್‌ನ ಅರ್ಧ ಬೀದಿಗೆ ಕೇಳುವಂಥದ್ದು.

ಕೊನಾಡುವನ್ನು ಮಣ್ಣು ಮಾಡಿ ಬಂದು ಇನ್ನೂ ಗಂಟೆಯಾಗಿರಲಿಲ್ಲ. ಚರ್ಚಿನ ಹಾಲ್‌ನಲ್ಲಿ ಶೋಕದ ಕೆಂಪು, ಕಪ್ಪು ಬಟ್ಟೆ ಸುತ್ತಿಕೊಂಡ ಜನ ಊಟಕ್ಕೆ ಕೂತಿದ್ದರು. ಬಟ್ಟೆ ಹೊಲಿಯುವ ಪೊಕುವಾ, ಸತ್ತವಳ ನಲವತ್ತು ವರ್ಷದ ಗೆಳತಿ, ಹತ್ತು ವರ್ಷದ ಫ್ರೆಮಾಳ ರಟ್ಟೆ ಹಿಡಿದು ಒಳಗೆ ತಳ್ಳಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಫ್ರೆಮಾಳ ತಾಯಿ ಕಡಲಾಚೆಯ ತವರೂರು ಕುಮಾಸಿಯಲ್ಲಿ, ಹಾಸಿಗೆ ಹಿಡಿದ ಅಜ್ಜಿಯ ಸೇವೆಯಲ್ಲಿದ್ದಳು. ಎರಡು ವರ್ಷದಿಂದ ಹುಡುಗಿ ಕೊನಾಡು ಮನೆಯಲ್ಲಿ. ಕೊನಾಡು ತೀರಿಕೊಂಡು ಆ ಮನೆಗೆ ಬೀಗ ಬಿದ್ದ, ಇಲ್ಲಿಯ ರೂಢಿಯಂತೆ ಮಣ್ಣಿಗೆ ಸರದಿ ಕಾದ ಈ ಮೂರು ವಾರದಿಂದ, ಯಾರಿಗೂ ಹೇಳದೆ, ಪೊಕುವಾಳ ಮನೆಯಲ್ಲಿ.

"ಕರ್ಕೊಂಡ್ಹೋಗಿ ಗುರುತಿಲ್ಲದ ಮನೇಲಿ ಬಿಡ್ತಾರೆ," ಎಂದಳು ಪೊಕುವಾ. "ನಾನವತ್ತೇ ಬಡ್ಕೊಂಡೆ."

*

ಬಡಿದುಕೊಂಡದ್ದು ನಿಜ, ಎರಡು ವರ್ಷದ ಹಿಂದೆ, ಫ್ರೆಮಾ ಬಂದ ಹೊಸದರಲ್ಲಿ. "ಫ್ರೆಮಾ ಇಲ್ಲಿರೋದನ್ನ ಕೌನ್ಸಿಲ್‌ಗೆ ನೀನೇ ಹೋಗಿ ಹೇಳಿದ್ಯಾ? ತಲೆ ಕೆಟ್ಟಿದ್ಯೇನೇ? ನಮ್ಮೂರ ಮಗು ಅಂದ್ರೆ ನಮ್ಮ ಮಗು ಅಲ್ವಾ?"

ಶಾಲೆಯಲ್ಲಿ ಇನ್ನೂರೈವತ್ತು ಮಕ್ಕಳಿಗೆ ಊಟ ಬಡಿಸಿ ಬಂದ ಕೊನಾಡು ಕಾಲು ನೀಡಿಕೊಂಡು ಕೂತಿದ್ದಳು. "ಊರಿಗೆ ನಾನವಳ ಚಿಕ್ಕಮ್ಮ ಕಣೆ, ಕಾನೂನಿಗಲ್ಲ. ಒಡಹುಟ್ಟಿದೋಳ ಮಗು ಆಗಿದ್ರೆ ಸರಿ. ಬೇರೆಯೋರ ಮಗೂನ ಇಪ್ಪತ್ತೆಂಟು ದಿನ ಇಟ್ಕೊಂಡ್ರೆ ಹೇಳ್ಲೇಬೇಕಂತೆ."

"ಹೇಳ್ದಿದ್ರೆ ಯಾರಿಗ್ ಗೊತ್ತಾಗತ್ತೆ?"

"ಅದೇ ನನ್ ಭಯ. ನಾಳೆ ನಂಗೇನಾದ್ರೂ ಆದ್ರೆ, ಇಲ್ಲೊಂದು ಮಗು ಇದೆ ಅಂತ ಯಾರಿಗ್ ಗೊತ್ತಾಗತ್ತೆ?"

ಪೊಕುವಾ ಮೂರು ತಿಂಗಳು ಮಾತು ಬಿಟ್ಟಿದ್ದಳು.

*

ಎರಡು ವರ್ಷದಿಂದ ಫ್ರೆಮಾಳನ್ನು ನೋಡಿ ಹೋಗಲು ಬರುತ್ತಿದ್ದ ಕೌನ್ಸಿಲ್ಲಿನ ಮಕ್ಕಳ ವಿಭಾಗದ ಅಧಿಕಾರಿ ಹಿಲರಿ ಕಪ್ಪು ಕೋಟು ತೊಟ್ಟು ಬಂದಿದ್ದಳು. "ಮೊನ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ. ಬಾಗಿಲಿಗೆ ಬೀಗ. ಪಕ್ಕದ ಮನೆಯೋರು ಹೇಳಿದ್ಮೇಲೇ ಗೊತ್ತಾಗಿದ್ದು, ಎದೆ ಒಡೆದೋಯ್ತು. ಫ್ರೆಮಾ ಎಲ್ಲಿ?"

ಅಡುಗೆಮನೆ ಬಾಗಿಲು ಪೊಕುವಾಳ ಬೆನ್ನನ್ನು ಎರಡು ಸಲ ಗುದ್ದಿತು.

"ಆಂಟೀ, ಅದು ಹಿಲರಿ ಮೇಡಂ ದನಿ! ಬಿಡಿ!"

ಸಂದಿಯಲ್ಲಿ ತೂರಿ ಬಂದ ಹುಡುಗಿ ಓಡಿಹೋಗಿ ಆ ಕೋಟನ್ನು ತಬ್ಬಿಕೊಂಡು, ಸಮಾಧಿಯ ಹತ್ತಿರವೂ ಬಾರದ ಅಳುವನ್ನೆಲ್ಲ ಅತ್ತಳು. ಹಿಲರಿ ಅವಳ ತಲೆ ಸವರುತ್ತ ತಾನೂ ಕಣ್ಣೊರೆಸಿಕೊಂಡಳು.

ಪೊಕುವಾ ನೋಡುತ್ತ ನಿಂತಳು. ಆಮೇಲೆ ಬಾಗಿಲು ಬಿಟ್ಟು ಮುಂದೆ ಬಂದಳು. "ನನ್ ಹತ್ರ ಇದಾಳೆ ಮೇಡಂ. ಹೀಗೆ ತಟ್ಟನೆ ಬಂದ ಮಗು ಆದ್ರೆ ಎರಡೇ ದಿನದಲ್ಲಿ ಹೇಳ್ಬೇಕಿತ್ತಂತೆ, ಹೇಳ್ಲಿಲ್ಲ. ಹೆದರ್ಕೊಂಡೆ. ಈಗ ಹೇಳ್ತಿದೀನಿ, ಬರ್ಕೊಳ್ಳಿ. ಇವಳನ್ನ ನಾನು ಸಾಕ್ತೀನಿ."

"ಅವರಮ್ಮ?"

"ಅವಳೇ ಫೋನಲ್ಲಿ ಅತ್ತು ಕೇಳ್ಕೊಂಡಿದ್ದು."

"ಗುರುವಾರ ಬಂದು ಮನೆ ನೋಡ್ತೀನಿ, ಫ್ರೆಮಾ ಒಬ್ಬಳನ್ನೇ ಕೂರಿಸ್ಕೊಂಡು ಮಾತಾಡ್ತೀನಿ. ಈಗ್ಲೇ ಮಾತು ಕೊಡೋಕಾಗಲ್ಲ. ಆದ್ರೆ ಇವತ್ತು ನಿಮ್ಮನೆಗೇ ಬರ್ಲಿ."

"ಮನೆಗೇನೂ ತೊಂದ್ರೆ ಇಲ್ಲ ಮೇಡಂ," ಎಂದ ಓಪೋಕು. "ಈ ಪೊಕುವಾ ಬಾಯಿಗೇ ಯಾರಾದ್ರೂ ಬೀಗ ಹಾಕ್ಬೇಕು."

"ನಿನ್ ಪಿಸುಮಾತಿಗೆ ಹಾಕ್ಕೋ ಮೊದ್ಲು!" ಎಂದು ಗದರಿ ಪೊಕುವಾ ದೊಪ್ಪನೆ ಕುರ್ಚಿಯಲ್ಲಿ ಕೂತಳು.

ಫ್ರೆಮಾ ಮೂಗೊರೆಸಿಕೊಂಡು ಬಂದು ಪಕ್ಕದಲ್ಲಿ ಕೂತು, ಪೊಕುವಾಳ ತಟ್ಟೆಗೇ ಕೈ ಹಾಕಿ, ಕರಿದ ಬಾಳೆಹಣ್ಣಿನ ಎಲ್ಲಕ್ಕಿಂತ ದೊಡ್ಡ ಹೋಳು ಎತ್ತಿಕೊಂಡಳು. ಪೊಕುವಾ ಅವಳ ಕೈಗೊಂದು ಏಟು ಕೊಟ್ಟಳು. ಆಮೇಲೆ ತಟ್ಟೆಯನ್ನು ಅವಳ ಕಡೆಗೆ ಸರಿಸಿದಳು.